ಆಪಾ ಆರಿಸಿದ ಹುಲ್ಲಿನ ಮಿಷಿನ್ನು

ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಬಂದು ಬಾಲ್ಕನಿಯಲ್ಲಿ ಕೂತು ಮೆಂತ್ಯಸೊಪ್ಪು ಬಿಡಿಸುತ್ತಿದ್ದೆ. ಕೆಳಗಿನಿಂದ ಹಸಿಹುಲ್ಲು ಕತ್ತರಿಸಿದ ವಾಸನೆ ಬಂತು. ಅದರ ಬೆನ್ನಿಗೇ ಪೆಟ್ರೋಲಿನ ಹೊಗೆ, ಹೊಗೆಯ ಬೆನ್ನಿಗೆ ಎದೆ ಗುದ್ದುವಂಥ ಸದ್ದು. ಬಗ್ಗಿ ನೋಡಿದರೆ ನಮ್ಮ ಮಾಲಿ ಮುನಿಯಪ್ಪ ದಿಬ್ಬದ ಮೇಲೆ ಮಿಷಿನ್ನಿನ ಜೊತೆ ಕುಸ್ತಿಗೆ ನಿಂತಿದ್ದ. ಅವನು ಹುಲ್ಲು ಕತ್ತರಿಸುತ್ತಿದ್ದನೋ, ಮಿಷಿನ್ನೇ ಅವನನ್ನು ಎಳೆದುಕೊಂಡು ಹೋಗುತ್ತಿತ್ತೋ, ಹೇಳುವುದು ಕಷ್ಟ. ಹಿಮ್ಮಡಿ ಊರಿ, ಹಿಂದಕ್ಕೆ ಬಾಗಿ, ಹಬ್ಬದ ಹೋರಿಯನ್ನು ಹಿಡಿದವನ ಹಾಗೆ ಇಳಿಯುತ್ತಿದ್ದ.

ಮಹದೇವಪುರದ ಈ ಅಪಾರ್ಟ್‌ಮೆಂಟಿನ ದಿಬ್ಬ ದೇವರು ಮಾಡಿದ್ದಲ್ಲ. ಕಟ್ಟಡದ ಪಾಯ ತೋಡಿದ ಮಣ್ಣನ್ನು ಹೊರಗೆ ಸಾಗಿಸುವ ಬದಲು ಒಂದು ಕಡೆ ಗುಡ್ಡೆ ಹಾಕಿ, ಹುಲ್ಲು ನೆಟ್ಟು, ಗಾರ್ಡನ್ ಅಂತ ಹೆಸರಿಟ್ಟರು. ನಾನೇನೂ ದೂರುವುದಿಲ್ಲ. ಜೋರು ಮಳೆ ಬಂದು ರಸ್ತೆಯೆಲ್ಲ ಕೆರೆಯಾದಾಗ ಬೀದಿನಾಯಿಗಳಿಗೆ ನಿಲ್ಲಲು ಆ ದಿಬ್ಬ ಒಂದೇ ಜಾಗ. ಅಷ್ಟಾದರೂ ಪುಣ್ಯ ಬರಲಿ ಕಟ್ಟಿಸಿದವರಿಗೆ.

ಸಂಜೆ ಲಿಫ್ಟಿನಲ್ಲಿ ಒಂದು ಚೀಟಿ ಅಂಟಿಸಿದ್ದರು. ಹಳೇ ಮಿಷಿನ್ ಕೆಟ್ಟಿದೆ, ದಿಬ್ಬಕ್ಕೆ ಸರಿಹೋಗುವ ಹೊಸದು ತರಬೇಕು, ಭಾನುವಾರ ಎರಡು ಅಂಗಡಿಯವರು ಮಿಷಿನ್ ತಂದು ತೋರಿಸುತ್ತಾರೆ, ಎಲ್ಲರೂ ಬನ್ನಿ ಅಂತ. ನಮ್ಮ ಮನೆಯವರು ಓದಿ ಹೇಳಿದರು. "ನಾನೂ ಹೋಗ್ತೀನಿ" ಅಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. "ನಿಂಗೂ ಹುಲ್ಲಿನ ಮಿಷಿನ್ನಿಗೂ ಏನೇ ಸಂಬಂಧ?"

ಏನು ಸಂಬಂಧ ಅಂತೆ! ಮರೆತೇಬಿಟ್ಟಿದ್ದಾರೆ. ಗಂಡಸರಿಗೆ ಸ್ಕೂಟರ್ ಯಾವ ವರ್ಷ ಕೊಂಡದ್ದು ಅಂತ ನೆನಪಿರುತ್ತದೆ, ಇಂಥದ್ದು ನೆನಪಿರುವುದಿಲ್ಲ. ಇರಲಿ, ಅವರಿಗೆ ಹೇಳಿದರೆ ಅರ್ಧಕ್ಕೇ ಪೇಪರ್ ತೆಗೆಯುತ್ತಾರೆ. ನಿಮಗೆ ಹೇಳುತ್ತೇನೆ.

ನಾನು ಮದುವೆಯಾಗಿ ದಾವಣಗೆರೆಯಿಂದ ಬಂದವಳು. ತೊಂಬತ್ತರ ದಶಕದ ಶುರುವಿನ ವರ್ಷಗಳು. ಇವರಿಗೆ ಕಂಟೋನ್ಮೆಂಟಿನ ಒಂದು ಆಫೀಸಿನಲ್ಲಿ ಕೆಲಸ. ಬೆನ್ಸನ್ ಟೌನಿನಲ್ಲಿ ಒಂದು ಹಳೇ ಬಂಗಲೆಯ ಹಿಂದಿನ ಔಟ್‌ಹೌಸು ಬಾಡಿಗೆಗೆ ಸಿಕ್ಕಿತು. ಒಂದು ಕೋಣೆ, ಒಂದು ಅಡುಗೆಮನೆ, ಹೆಂಚಿನ ಮಾಡು. ಬಂಗಲೆ ಎತ್ತರದಲ್ಲಿ, ರಸ್ತೆಯ ಮಟ್ಟಕ್ಕೆ. ಅದರ ಹಿತ್ತಿಲು ಹಿಂದಕ್ಕೆ ಇಳಿಜಾರು. ಇಳಿದು ಇಳಿದು ಬಂದು ನಮ್ಮ ಬಾಗಿಲಿನ ಮುಂದೆ ನಿಲ್ಲುತ್ತಿತ್ತು. ಆ ಇಳಿಜಾರಿನ ತುಂಬ ಹುಲ್ಲು. ಎಂಥ ಹುಲ್ಲು ಅಂತೀರಿ! ಬಂಗಲೆಯವರು ಅದಕ್ಕೆ ಲಾನ್ ಅನ್ನುತ್ತಿದ್ದರು. ಬಂದ ಮೊದಲನೇ ದಿನವೇ ನಾನು ಬಗ್ಗಿ ನೋಡಿದೆ. ಅಪ್ಪಟ ಗರಿಕೆ. ನಮ್ಮೂರಲ್ಲಿ ಸಂಕಷ್ಟಿಯ ದಿನ ಗರಿಕೆಗೆ ಅಂತ ಹೊಲದ ಬದುವೆಲ್ಲ ಹುಡುಕುತ್ತಿದ್ದ ನನಗೆ, ಇಲ್ಲಿ ಗಣಪತಿ ಬಾಗಿಲಿಗೇ ಹಾಸಿ ಕೊಟ್ಟಿದ್ದ. ಬಾಡಿಗೆ ಮನೆಯ ಕೋಣೆ ಚಿಕ್ಕದು ಅಂತ ಅಳಬೇಕು ಅಂದುಕೊಂಡಿದ್ದೆ. ಗರಿಕೆ ನೋಡಿ ಅಳುವುದನ್ನು ಮುಂದಕ್ಕೆ ಹಾಕಿದೆ.

ಬಂಗಲೆಯ ಯಜಮಾನಿ ಖಮರ್ ಆಪಾ, ಆಪಾ ಅಂದರೆ ಅವರ ಮಾತಿನಲ್ಲಿ ಅಕ್ಕ. ದಪ್ಪ ದೇಹ, ತೆಳ್ಳಗಿನ ದನಿ, ಬಾಯಲ್ಲಿ ಸದಾ ಏಲಕ್ಕಿ. ಅವರ ತೌರುಮನೆ ಶಿವಾಜಿನಗರದಲ್ಲಿ, ಅಣ್ಣತಮ್ಮಂದಿರದು ಕಬ್ಬಿಣದ ಸಾಮಾನಿನ ವ್ಯಾಪಾರ. ಮನೆಯಲ್ಲಿ ಅವರದು ದಖ್ಖನಿ, ನನ್ನ ಜೊತೆ ಕನ್ನಡ. ಆದರೆ ಆ ಕನ್ನಡದೊಳಗೆ ದಖ್ಖನಿ ಇಣುಕುತ್ತಲೇ ಇರುತ್ತಿತ್ತು. ಬೇಡ ಅನ್ನುವುದಕ್ಕೆ "ನಕ್ಕೋ", ಯಾಕೆ ಅನ್ನುವುದಕ್ಕೆ "ಕೈಕು". ಆರು ತಿಂಗಳಲ್ಲಿ ನಾನೂ ತರಕಾರಿಯವನಿಗೆ ನಕ್ಕೋ ಅನ್ನಲು ಕಲಿತೆ. ಅವರು ನಮ್ಮ ಮನೆಯ ಹೊಸ್ತಿಲು ದಾಟುವ ಮುಂಚೆ ಕೇಳುತ್ತಿದ್ದರು, "ಪೂಜೆ ಆಯ್ತಾ ಅಮ್ಮಾ? ಬರ್ಲಾ?" ನಾನು ಅವರ ನಮಾಜಿನ ಹೊತ್ತಿಗೆ ಒರಳಲ್ಲಿ ಕುಟ್ಟುವುದನ್ನು ನಿಲ್ಲಿಸುತ್ತಿದ್ದೆ. ಇದನ್ನು ನಾವು ಮಾತಾಡಿ ಗೊತ್ತುಮಾಡಿಕೊಂಡದ್ದಲ್ಲ.

ಆಪಾ ಅವರ ಯಜಮಾನರನ್ನು ಎಲ್ಲರೂ ಸಾಹೇಬ್ರು ಅನ್ನುತ್ತಿದ್ದರು. ಬೈಯಪ್ಪನಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಮಿತಭಾಷಿ. ಆ ಹುಲ್ಲು ಅವರ ಜೀವ. ವಾರಕ್ಕೊಮ್ಮೆ ಪೈಜಾಮ ಮೇಲೆ ಮಡಚಿ, ತಲೆಗೆ ಬಿಳಿ ಟೋಪಿ ಹಾಕಿ, ಹಿಂದಿನ ಮಾಲೀಕರು ಬಿಟ್ಟುಹೋಗಿದ್ದ ಒಂದು ಭಾರಿ ಕಬ್ಬಿಣದ ಮಿಷಿನ್ನನ್ನು ತಾವೇ ತಳ್ಳುತ್ತಿದ್ದರು. ಇಂಜಿನ್ ಇಲ್ಲದ್ದು, ಕೈಯಿಂದ ತಳ್ಳಿದರೆ ಉರುಳೆಯ ಅಲಗುಗಳು ತಿರುಗಿ ಹುಲ್ಲನ್ನು ಕತ್ತರಿಸುವಂಥದ್ದು. ಕಿರ್‍ರ್, ಕಿರ್‍ರ್ ಅಂತ ಅದರ ಸದ್ದು ಕೇಳಿದರೆ ಇವತ್ತು ಭಾನುವಾರ ಅಂತ ನನಗೆ ಗೊತ್ತಾಗುತ್ತಿತ್ತು. ಒಬ್ಬ ಮನುಷ್ಯ ತನ್ನ ಕೆಲಸವನ್ನು ಅಷ್ಟು ಸಮಾಧಾನದಿಂದ ಮಾಡುವುದನ್ನು ನಾನು ಅದಕ್ಕೆ ಮುಂಚೆ ನಮ್ಮ ಮಠದ ಪೂಜಾರಿಯಲ್ಲಿ ಮಾತ್ರ ನೋಡಿದ್ದೆ.

ಸಾಹೇಬ್ರಿಗೆ ಸಕ್ಕರೆ ಕಾಯಿಲೆ. ಅದು ಮೆಲ್ಲಗೆ ಕಣ್ಣಿಗೆ ಬಂತು. ಮೊದಲು ಪೇಪರ್ ಓದುವುದು ಬಿಟ್ಟರು, ಆಮೇಲೆ ಒಬ್ಬರೇ ಮಸೀದಿಗೆ ಹೋಗುವುದು ಬಿಟ್ಟರು. ಹುಲ್ಲು ಕತ್ತರಿಸುವುದನ್ನು ಮಾತ್ರ ಬಿಡಲಿಲ್ಲ. ಒಂದು ದಿನ ಇಳಿಜಾರಿನ ನಡುವೆ ಆ ಕಬ್ಬಿಣದ ಮಿಷಿನ್ ಅವರ ಕೈತಪ್ಪಿತು. ಉರುಳಿಕೊಂಡು ಬಂದು ನಮ್ಮ ತುಳಸಿಕಟ್ಟೆಗೆ ಬಡಿಯಿತು. ಕಟ್ಟೆ ಸೀಳಿತು. ಐದು ನಿಮಿಷ ಮುಂಚೆ ನನ್ನ ಮಗಳು ಅದೇ ಕಟ್ಟೆಯ ಸುತ್ತ ಅಂಬೆಗಾಲಿಡುತ್ತಿದ್ದಳು. ಯಾಕೋ ಅಳಲು ಶುರುಮಾಡಿದ್ದಳು ಅಂತ ಒಳಗೆ ಎತ್ತಿಕೊಂಡು ಹೋಗಿದ್ದೆ. ಆ ಅಳುವನ್ನು ಯಾರು ಕೊಟ್ಟರು ಅಂತ ನಾನು ಇವತ್ತಿಗೂ ಕೇಳಿಕೊಳ್ಳುವುದಿಲ್ಲ, ನನಗೆ ಗೊತ್ತು.

ಸಾಯಂಕಾಲ ಸಾಹೇಬ್ರು ಗೋಡೆ ಹಿಡಿದುಕೊಂಡು ಇಳಿದು ಬಂದರು. ಕೈ ಮುಂದೆ ಚಾಚಿ, ಸೀಳಿದ ಕಟ್ಟೆಯನ್ನು ಹುಡುಕಿ, ಅದರ ಬಿರುಕಿನ ಉದ್ದಕ್ಕೂ ಬೆರಳು ಆಡಿಸಿದರು. "ಮಗು ಎಲ್ಲಿತ್ತಮ್ಮಾ?" ಅಂತ ಕೇಳಿದರು. ನಾನು ಸುಳ್ಳು ಹೇಳಿದೆ, ಒಳಗೆ ಮಲಗಿತ್ತು ಅಂತ. ಅವರು ನಂಬಲಿಲ್ಲ. "ನನ್ ಕೈನ ನಾನೇ ನಂಬೋ ಹಾಗಿಲ್ಲ ಇನ್ಮೇಲೆ" ಅಂದರು. ಮಾರನೆಯ ದಿನ ಮೇಸ್ತ್ರಿಯನ್ನು ಕರೆಸಿ ಕಟ್ಟೆ ಕಟ್ಟಿಸಿಕೊಟ್ಟರು. ಕಬ್ಬಿಣದ ಮಿಷಿನ್ ಗುಜರಿಗೆ ಹೋಯಿತು.

ಆಮೇಲೆ ಅವರು ಹಿಂದಿನ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಕುರ್ಚಿಯ ಮುಖ ಗೋಡೆಯ ಕಡೆಗೆ. ಕಣ್ಣಿಲ್ಲದವರಿಗೆ ಗೋಡೆಯೇನು, ತೋಟವೇನು ಅಂತ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆಪಾ ಮಾತ್ರ ದಿನಾ ಬೆಳಿಗ್ಗೆ ಆ ಕುರ್ಚಿಯನ್ನು ತೋಟದ ಕಡೆ ತಿರುಗಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದು ಮತ್ತೆ ಗೋಡೆಯ ಕಡೆ ತಿರುಗಿರುತ್ತಿತ್ತು. ಊಟ ಕಡಿಮೆಯಾಯಿತು. ಮಾತು ಮೊದಲೇ ಕಡಿಮೆ, ಈಗ ನಿಂತೇಹೋಯಿತು. ಹುಲ್ಲು ಮೊಣಕಾಲಿಗೆ ಬಂತು. ಒಬ್ಬ ಮಾಲಿ ಬಂದು ಕುಡುಗೋಲಿನಲ್ಲಿ ಕುಯ್ದು ಹೋದ. ಸದ್ದೇ ಇಲ್ಲದ ಭಾನುವಾರಗಳು. "ಮನುಷ್ಯ ಕಣ್ಣೆದುರಿಗೇ ಕಮ್ಮಿ ಆಗ್ತಾ ಇದ್ದಾರಮ್ಮಾ" ಅಂತ ಆಪಾ ಒಂದು ದಿನ ನನ್ನ ಅಡುಗೆಮನೆಯ ಮಣೆಯ ಮೇಲೆ ಕೂತು ಹೇಳಿದರು. ಅವರು ಅಳಲಿಲ್ಲ. ನಾನು ಒಗ್ಗರಣೆಯ ನೆಪದಲ್ಲಿ ಕಣ್ಣು ಒರೆಸಿಕೊಂಡೆ.

ಒಂದು ಗುರುವಾರ ಬೆಳಿಗ್ಗೆ ಬುರ್ಖಾ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದರು. "ಚಲೋ, ಶಿವಾಜಿನಗರ. ಹುಲ್ಲಿನ ಮಿಷಿನ್ ತರೋಣ."

"ಯಾರಿಗೆ ಆಪಾ? ಮಾಲಿಗಾ?"

"ಸಾಹೇಬ್ರಿಗೆ."

ನಾನು ದಂಗಾದೆ. ಕಣ್ಣು ಕಾಣದ ಮನುಷ್ಯ, ಅಂಥ ಇಳಿಜಾರು, ಅಲಗಿನ ಮಿಷಿನ್ನು! ಅವರ ಅಣ್ಣನೂ ಬೇಡ ಅಂದಿದ್ದರಂತೆ, ಪೆಟ್ರೋಲಿಂದು ತಗೊಂಡು ಮಾಲಿಗೆ ಕೊಡು ಅಂದಿದ್ದರಂತೆ. ನಾನೂ ಅದನ್ನೇ ಹೇಳಿದೆ. ಆಪಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿನ್ ಹತ್ರ ಒಲೆ ಕಿತ್ಕೊಂಡು, ಹೋಟ್ಲಿಂದ ಊಟ ತರ್ಸಿ ಕೊಡ್ತೀನಿ, ಆರಾಮಾಗಿರು ಅಂದ್ರೆ ಇರ್ತೀಯಾ?" ನಾನು ಚಪ್ಪಲಿ ಮೆಟ್ಟಿಕೊಂಡೆ.

ಅದೊಂದು ಪಂಪು, ಪೈಪು, ತೋಟದ ಸಾಮಾನಿನ ಅಂಗಡಿ. ಮುಂದುಗಡೆ ಸಾಮಾನು ಇಳಿಸಲು ಸಿಮೆಂಟಿನ ಇಳಿಜಾರು ಒಂದಿತ್ತು. ಆಪಾ ಮಿಷಿನ್ನುಗಳನ್ನು ನೋಡುವ ಮೊದಲು ಆ ಇಳಿಜಾರನ್ನೇ ನೋಡಿದರು. ಹತ್ತಿದರು, ಇಳಿದರು. ಸೀರೆ ಆರಿಸುವಾಗ ಮಡಿಕೆ ಬಿಡಿಸಿ ಬೆಳಕಿಗೆ ಹಿಡಿದು ನೋಡುತ್ತೇವಲ್ಲ, ಹಾಗೆ ಅದನ್ನು ಪಾದದಿಂದ ಒತ್ತಿ ಒತ್ತಿ ನೋಡಿದರು. "ನಮ್ ತೋಟನೂ ಇಷ್ಟೇ ಇಳೀತದೆ" ಅಂತ ತೀರ್ಮಾನ ಕೊಟ್ಟು, "ಇದ್ರ ಮೇಲೆ ತನ್ನಿ ಎಲ್ಲಾನೂ" ಅಂದರು.

ಅಂಗಡಿಯವನು ಮೊದಲು ಪೆಟ್ರೋಲಿನದು ತಂದ. ಹೊಸದು, ಕೆಂಪು ಬಣ್ಣ. ದಾರ ಎಳೆದ ತಕ್ಷಣ ಬೀದಿಯೇ ತಿರುಗಿ ನೋಡುವಂಥ ಸದ್ದು. ಆಪಾ ಕೈ ಎತ್ತಿ ನಿಲ್ಲಿಸಿದರು. "ಇದ್ರ ಸದ್ದಲ್ಲಿ ಅವ್ರಿಗೆ ಏನ್ ಕೇಳ್ತದೆ ಭಾಯಿ? ಕಣ್ಣು ಹೋಗಿದೆ. ಕಿವೀನೂ ನೀನು ಕಿತ್ಕೊಂಡ್ರೆ ಏನ್ ಉಳೀತದೆ ಅವ್ರ ಹತ್ರ?"

ಅವನಿಗೆ ಆಗ ಅರ್ಥವಾಯಿತು ಮಿಷಿನ್ ಯಾರಿಗೆ ಅಂತ. ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಆಮೇಲೆ ಕರೆಂಟಿನದು ತೋರಿಸಿದ. ಅದರ ಉದ್ದನೆಯ ವೈರ್ ನೋಡಿ ಆಪಾ ನಕ್ಕರು. "ಹುಲ್ಲು ಯಾವ್ದು ವೈರ್ ಯಾವ್ದು ಅಂತ ಕಾಣೋರೇ ಕತ್ರಿಸ್ಕೊಂಡು ಕೂತಿದ್ದಾರೆ. ನಕ್ಕೋ." ಆಮೇಲೆ ಕೈಯಿಂದ ತಳ್ಳುವ ದೊಡ್ಡದು ಬಂತು. ಗುಜರಿಗೆ ಹೋದದ್ದರ ತಮ್ಮ.

ಆಗ ಆಪಾ ಒಂದು ಕೆಲಸ ಮಾಡಿದರು ನೋಡಿ. ತಲೆಯ ಮೇಲೆ ಎಸೆದಿದ್ದ ಮುಖದ ಬಟ್ಟೆಯನ್ನು ಕೆಳಗೆ ಬಿಟ್ಟು, ಅದನ್ನು ಎರಡು ಮಡಿಕೆ ಮಾಡಿ ಕಣ್ಣು ಪೂರ್ತಿ ಮುಚ್ಚಿಕೊಂಡರು. ಮಿಷಿನ್ನಿನ ಹಿಡಿಕೆಯನ್ನು ತಡವಿ ಹಿಡಿದರು. ಆ ಸಿಮೆಂಟಿನ ಇಳಿಜಾರಿನ ಮೇಲೆ, ಶಿವಾಜಿನಗರದ ನಡು ಬೆಳಗಿನಲ್ಲಿ, ಆಟೋ, ಕೈಗಾಡಿ, ಮೇಕೆ ಎಲ್ಲ ಓಡಾಡುವ ಬೀದಿಯ ಪಕ್ಕದಲ್ಲಿ, ಆ ಹೆಂಗಸು ಕಣ್ಣು ಕಟ್ಟಿಕೊಂಡು ಹುಲ್ಲಿನ ಮಿಷಿನ್ ತಳ್ಳತೊಡಗಿದರು. ಅಂಗಡಿಯವನು "ಅಮ್ಮಾ, ಅಮ್ಮಾ" ಅಂತ ಹಿಂದೆಯೇ ಓಡಿದ. ಚಹಾ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಎದ್ದು ನಿಂತರು. ನನಗೆ ನಾಚಿಕೆ. ನಾನು ಬೇರೆಯವರ ಜೊತೆ ಬಂದವಳು ಅನ್ನುವ ಹಾಗೆ ಪೈಪುಗಳ ಬೆಲೆ ಕೇಳುತ್ತ ಪಕ್ಕಕ್ಕೆ ಹೋಗಿ ನಿಂತೆ. ಪೈಪಿನ ಹತ್ತಿರವಿದ್ದ ಹುಡುಗ ಹೇಳಿದ ಬೆಲೆ ಕೇಳಿ ಜಾಸ್ತಿಯಾಯ್ತು ಅಂತಲೂ ಅಂದೆ.

ದೊಡ್ಡ ಮಿಷಿನ್ನನ್ನು ಆಪಾ ಮೇಲಕ್ಕೆ ತಳ್ಳಿ ಕೈ ಸಡಿಲ ಬಿಟ್ಟರು. ಅದು ಹಿಂದಕ್ಕೆ ಬಂದು ಅವರ ಕಾಲಿಗೇ ಒದೆಯಿತು. ಅಡ್ಡಕ್ಕೆ ತಿರುಗಿಸಿ ತಳ್ಳಿದರು. ಅರ್ಧದಲ್ಲಿ ಮೂಗು ಕೆಳಕ್ಕೆ ಮಾಡಿತು. "ಇದು ಶೈತಾನ್. ಇನ್ನೊಂದು ಕೊಡಿ."

"ಇನ್ನೊಂದು ಚಿಕ್ಕದಿದೆ. ಹಗುರ. ಆದ್ರೆ ಅಗಲ ಕಮ್ಮಿ ಅಮ್ಮಾ, ಅಷ್ಟ್ ದೊಡ್ ಜಾಗಕ್ಕೆ ತುಂಬಾ ಹೊತ್ತು ಹಿಡೀತದೆ."

ಬಟ್ಟೆಯ ಹಿಂದಿನಿಂದ ಆಪಾ ದನಿ ಬಂತು. "ಹೊತ್ತು ತಾನೇ ಅವ್ರಿಗೆ ಬೇಕಾಗಿರೋದು? ಕೊಡಿ."

ಅಗಲ ಕಡಿಮೆಯಿರುವ, ಹಿಂದುಗಡೆ ಮರದ ಉರುಳೆಯೊಂದು ನೆಲಕ್ಕೆ ತಾಗುವ ಮಿಷಿನ್ ಅದು. ಆಪಾ ಅದನ್ನು ಇಳಿಜಾರಿಗೆ ಅಡ್ಡವಾಗಿ ತಳ್ಳಿದರು. ನಡುವೆ ಎರಡೂ ಕೈ ಬಿಟ್ಟು ಹಿಂದಕ್ಕೆ ಸರಿದು ನಿಂತರು. ಮಿಷಿನ್ ಬಿಟ್ಟಲ್ಲೇ ನಿಂತಿತು. ಇನ್ನೊಂದು ಸಲ. ನಿಂತಿತು. ಮೂಗನ್ನು ಕೊಂಚ ಕೆಳಕ್ಕೆ ತಿರುಗಿಸಿ ನೋಡಿದರು. ಒಂದು ಗೇಣು ಜಾರಿ ಅಲ್ಲೇ ಸುಮ್ಮನಾಯಿತು. ಆಮೇಲೆ ನಿಧಾನ ತಳ್ಳಿದರು, ಜೋರಾಗಿ ತಳ್ಳಿದರು, ಕಿವಿಯನ್ನು ಬಗ್ಗಿಸಿ ಅಲಗಿನ ಸದ್ದು ಕೇಳಿದರು. ಬಟ್ಟೆ ಎತ್ತಿದಾಗ ಅವರ ಹಣೆಯ ತುಂಬ ಬೆವರು. "ಇದು ಬಿಟ್ರೆ ನಿಲ್ತದೆ. ಎಲ್ಲಿ ಬಿಟ್ಟೆ ಅಂತ ಕೈಗೆ ಸಿಗ್ತದೆ. ಅಷ್ಟ್ ಸಾಕು ನಂಗೆ." ಚಹಾದವರಲ್ಲಿ ಒಬ್ಬರು ಮುದುಕರು ಸಲಾಂ ಮಾಡಿದರು. ಆಗ ನಾನು ಪೈಪುಗಳನ್ನು ಬಿಟ್ಟು ಆಪಾ ಪಕ್ಕಕ್ಕೆ ಬಂದು ನಿಂತೆ, ಮೊದಲಿನಿಂದ ಅಲ್ಲೇ ಇದ್ದವಳ ಹಾಗೆ. ಅವರು ನನ್ನ ಕಿವಿ ಹಿಂಡಿದರು. "ಪೈಪ್ ತಗೊಂಡ್ಯಾ ಅಮ್ಮಾ?"

ಮಿಷಿನ್ ಬಂತು. ಸಾಹೇಬ್ರು ಕುರ್ಚಿಯಿಂದ ಏಳಲಿಲ್ಲ. "ವಾಪಸ್ ಕೊಡು" ಅಂದರು. ಆಪಾ ಕೊಡಲಿಲ್ಲ, ವಾದವನ್ನೂ ಮಾಡಲಿಲ್ಲ. ಭಾನುವಾರದವರೆಗೆ ಮಿಷಿನ್ನನ್ನು ಅವರ ಕುರ್ಚಿಯ ಪಕ್ಕ ನಿಲ್ಲಿಸಿದರು. ಕಾಫಿ ಲೋಟ ಇಡಲು ಸಾಹೇಬ್ರು ಕೈ ಚಾಚಿದರೆ ಹಿಡಿಕೆ ತಾಗಬೇಕು, ಹಾಗೆ. ಶನಿವಾರ ನಾನು ಮಜ್ಜಿಗೆ ಕೊಡಲು ಹೋದಾಗ ಅವರ ಬೆರಳು ಆ ಮರದ ಉರುಳೆಯ ಮೇಲೆ ಸುಮ್ಮನೆ ಓಡಾಡುತ್ತಿತ್ತು. ನನ್ನ ಹೆಜ್ಜೆ ಕೇಳಿ ಕೈ ಹಿಂದಕ್ಕೆ ತೆಗೆದುಕೊಂಡರು.

ಅಷ್ಟರಲ್ಲಿ ಆಪಾ ಇಳಿಜಾರಿಗೆ ಅಡ್ಡವಾಗಿ ಒಂದು ಹಗ್ಗ ಕಟ್ಟಿದ್ದರು, ಎರಡು ಬಿದಿರು ಗೂಟಗಳ ನಡುವೆ, ಮೊಣಕೈ ಎತ್ತರಕ್ಕೆ. ಹೋಗುವಾಗ ಹಗ್ಗ ಎಡ ಮೊಣಕೈಗೆ ತಾಗಬೇಕು, ತಿರುಗಿ ಬರುವಾಗ ಬಲ ಮೊಣಕೈಗೆ. ಒಂದು ಸಾಲು ಮುಗಿದರೆ ಗೂಟ ಕಿತ್ತು ಒಂದಿಷ್ಟು ಕೆಳಗೆ ನೆಡಬೇಕು. ಒಂದು ಗೂಟ ಅವರದು, ಇನ್ನೊಂದು ಗೂಟ ನನ್ನದು. ಹೀಗೆ ಹಗ್ಗದ ಆಚೆ ತುದಿಗೆ ನನ್ನನ್ನು ಕೇಳದೆಯೇ ನೇಮಿಸಿದ್ದರು.

ಭಾನುವಾರ ಬೆಳಿಗ್ಗೆ ಅವರು ಹೇಗೋ ಸಾಹೇಬ್ರನ್ನು ಎಬ್ಬಿಸಿ ಹಗ್ಗದ ಹತ್ತಿರ ತಂದು ನಿಲ್ಲಿಸಿದರು. ಅವರ ಮುಖ ಕಲ್ಲಿನ ಹಾಗಿತ್ತು. ಈಗ ನನ್ನ ಸರದಿ. ಹೊಸ ಸ್ಕೂಟರ್ ಬರಲಿ, ಹೊಸ ಹೊಲಿಗೆ ಮಿಷಿನ್ ಬರಲಿ, ಕುಂಕುಮ ಇಟ್ಟು ಗಾಲಿಯ ಕೆಳಗೆ ನಿಂಬೆಹಣ್ಣು ಇಡದೆ ಓಡಿಸಿದ್ದು ನಾನು ಕಂಡಿಲ್ಲ. ಇಷ್ಟು ದೊಡ್ಡ ಕೆಲಸಕ್ಕೆ ಹೊರಟ ಮಿಷಿನ್ನನ್ನು ಬರಿಗಾಲಲ್ಲಿ ಕಳಿಸುವುದೇ? ಎರಡು ನಿಂಬೆಹಣ್ಣು ಸೆರಗಿನಲ್ಲಿ ಇಟ್ಟುಕೊಂಡೇ ಬಂದಿದ್ದೆ. ಆಪಾ ಮುಖ ನೋಡಿದೆ. "ಇಡು ಇಡು" ಅಂದರು ಪಿಸುಗುಟ್ಟಿ, "ದುವಾ ಯಾರ್ದಾದ್ರೇನು?" ಗಾಲಿಗಳ ಮುಂದೆ ಒಂದೊಂದು ಹಣ್ಣು ಇಟ್ಟು ಕೈಮುಗಿದೆ. ಆದರೆ ನಾನು ನೋಡಿದ್ದ ಗಾಡಿಗಳೆಲ್ಲ ಮಟ್ಟಸವಾದ ನೆಲದಲ್ಲಿ ನಿಂತವು, ನಡುವೆ ಅಲಗು ಇಲ್ಲದವು.

ಸಾಹೇಬ್ರು ಬಿಸ್ಮಿಲ್ಲಾ ಅಂತ ತಳ್ಳಿದರು. ಕೆಳಗಿನ ಹಣ್ಣು ಪಚಕ್ಕನೆ ಒಡೆಯಿತು. ಮೇಲಿನ ಹಣ್ಣು ಗಾಲಿಗೆ ಸಿಗಲಿಲ್ಲ. ಇಳಿಜಾರಲ್ವಾ, ಉರುಳಿತು, ನೇರ ಅಲಗಿನ ಬಾಯಿಗೇ ಹೋಯಿತು. ಕಿರ್ ಅಂದ ಮಿಷಿನ್ ಕಟಕ್ ಅಂತ ಕಚ್ಚಿಕೊಂಡು ನಿಂತುಬಿಟ್ಟಿತು. ಒಂದು ಹೆಜ್ಜೆಯೂ ಹೋಗಿರಲಿಲ್ಲ.

ಸಾಹೇಬ್ರ ಕೈ ಹಿಡಿಕೆಯಿಂದ ಸಡಿಲವಾಯಿತು. ಅವರು ಮನೆಯ ಕಡೆ ಮುಖ ತಿರುಗಿಸಿದರು. ಮುಗಿಯಿತು, ಇನ್ನು ಆ ಕುರ್ಚಿಯನ್ನು ಯಾರೂ ತಿರುಗಿಸಲಾರರು ಅನ್ನಿಸಿತು ನನಗೆ. ಗಣಪತಿ, ವಿಘ್ನ ಕಳೆಯಪ್ಪ ಅಂತ ನಿನ್ನನ್ನು ಕೇಳಿಕೊಂಡು ನಾನೇ ವಿಘ್ನ ತಂದಿಟ್ಟೆನಲ್ಲ! ಆಪಾ ಗೂಟ ಹಿಡಿದುಕೊಂಡು ಹಾಗೇ ನಿಂತಿದ್ದರು.

ಸಾಹೇಬ್ರು ಮೂಗು ಅರಳಿಸಿದರು. "ನಿಂಬೆಹಣ್ಣು?"

ಬಗ್ಗಿ ಇನ್ನೊಂದು ಸಲ ಮೂಸಿದರು.

"ಯಾರಮ್ಮಾ ಹುಲ್ಲಲ್ಲಿ ಶರಬತ್ ಮಾಡ್ತಾ ಇರೋದು?"

"ನಾನೇ ಸಾಹೇಬ್ರೇ" ಅಂದೆ, ಅಳು ಬರುತ್ತಿತ್ತು. "ಗಾಡಿಗೆ ಇಡ್ತೀವಲ್ಲ, ಹಾಗೆ..."

ಅವರ ಹೊಟ್ಟೆ ಮೊದಲು ಅಲುಗಿತು. ಆಮೇಲೆ ಭುಜ. ಆಮೇಲೆ ನಗು ಹೊರಗೆ ಬಂತು. ಎಷ್ಟೋ ತಿಂಗಳಿಂದ ಬೀಗ ಹಾಕಿದ್ದ ಕೋಣೆಯ ಬಾಗಿಲು ತೆರೆದ ಹಾಗೆ ಕರಕರ ಅನ್ನುತ್ತ ಬಂತು. ನಗುತ್ತಲೇ ಹುಲ್ಲಿನ ಮೇಲೆ ಕುಳಿತುಬಿಟ್ಟರು. ಮಿಷಿನ್ನನ್ನು ತೊಡೆಯ ಕಡೆ ಎಳೆದುಕೊಂಡು, ಅಲಗಿನ ಅಂಚನ್ನು ಬಿಟ್ಟು ಬೆನ್ನನ್ನು ಮಾತ್ರ ಮುಟ್ಟುತ್ತ ಬೆರಳು ಒಳಗೆ ಬಿಟ್ಟರು. "ಹಣ್ಣು ಇರ್ಲಿ, ಇದ್ರ ಅಲಗೇ ಸರಿಯಾಗಿ ಕೂತಿಲ್ಲ. ಕಾರ್ಖಾನೆಯೋರು ಬಿಗಿ ಮಾಡಿಲ್ಲ. ಇವತ್ತಲ್ಲ ನಾಳೆ ಕಲ್ಲು ಸಿಕ್ಕೇ ಸಿಕ್ತಿತ್ತು. ಖಮರ್, ನನ್ ಪೆಟ್ಟಿಗೆ ತಾ."

ಆಪಾ ಓಡಿದರು. ಆ ದೇಹ ಹೊತ್ತುಕೊಂಡು ಆ ಏರಿನಲ್ಲಿ ಓಡಿದ್ದನ್ನು ನೀವು ನೋಡಬೇಕಿತ್ತು. ಮಂಚದ ಕೆಳಗೆ ಧೂಳು ತಿನ್ನುತ್ತಿದ್ದ ಕಬ್ಬಿಣದ ಪೆಟ್ಟಿಗೆ ಬಂತು. ಸಾಹೇಬ್ರು ಅದರೊಳಗೆ ಕೈ ಹಾಕಿ ಯಾರನ್ನೂ ಕೇಳದೆ ಬೇಕಾದ ಸ್ಪ್ಯಾನರ್ ಎತ್ತಿಕೊಂಡರು. ಹಣ್ಣು ಬಿಡಿಸಿ ತೆಗೆದು ಸಿಪ್ಪೆಯನ್ನು ನನ್ನ ಕೈಗೆ ಕೊಟ್ಟರು, "ಪ್ರಸಾದ" ಅಂತ. ಸ್ಕ್ರೂ ಒಂದಿಷ್ಟು ತಿರುಗಿಸಿದರು. "ಒಂದ್ ಪೇಪರ್ ಕೊಡಮ್ಮಾ." ನಾನು ಒಳಗೆ ಹೋಗಿ ಕ್ಯಾಲೆಂಡರಿನಿಂದ ನಿನ್ನೆಯ ಹಾಳೆ ಹರಿದು ತಂದೆ. ಅಲಗುಗಳ ನಡುವೆ ಹಾಳೆ ಇಟ್ಟು ಅಲಗಿನ ಉರುಳೆಯನ್ನು ಮೆಲ್ಲಗೆ ತಿರುಗಿಸಿ ಕಿವಿಗೊಟ್ಟರು. ಹಾಳೆ ಹರಿಯಿತು. ತಲೆ ಅಲ್ಲಾಡಿಸಿ ಇನ್ನೊಂದಿಷ್ಟು ಬಿಗಿ ಮಾಡಿದರು. ಮತ್ತೆ ಇಟ್ಟರು. ಈ ಸಲ ಸರ್ ಅಂತ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಎರಡಾಯಿತು. ಶನಿವಾರದ ರಾಹುಕಾಲ ಒಂದು ತುಂಡಿನಲ್ಲಿ, ಗುಳಿಕಕಾಲ ಇನ್ನೊಂದರಲ್ಲಿ.

"ಹಗ್ಗ ಎಲ್ಲಿ?" ಅಂದರು ಸಾಹೇಬ್ರು.

ಅವತ್ತು ಊಟದ ಹೊತ್ತಿನವರೆಗೂ ಕಿರ್‍ರ್, ಕಿರ್‍ರ್. ನಾನು ಈ ಗೂಟ, ಆಪಾ ಆ ಗೂಟ. ನನ್ನ ಸಾರು ಒಲೆಯ ಮೇಲೆ ಬತ್ತಿಹೋಯಿತು, ನಮ್ಮ ಮನೆಯವರು ಮೊಸರನ್ನ ಉಂಡರು. ಪ್ರತಿ ಸಾಲಿನ ಕೊನೆಗೂ ಸಾಹೇಬ್ರು ಬೇಕೆಂದೇ ಎರಡೂ ಕೈ ಬಿಟ್ಟು ಒಂದು ಕ್ಷಣ ಕಾಯುತ್ತಿದ್ದರು. ಮಿಷಿನ್ ನಿಂತಲ್ಲೇ ನಿಲ್ಲುತ್ತಿತ್ತು. ಅವರು ಮತ್ತೆ ಕೈ ಚಾಚಿದರೆ ಇಟ್ಟಲ್ಲೇ ಸಿಗುತ್ತಿತ್ತು. ಕೆಳಗೆ ಬರುತ್ತ ಬರುತ್ತ ಹಾಗೆ ಕಾಯುವುದನ್ನು ಬಿಟ್ಟರು. ಕೊನೆಯ ಸಾಲು ನಮ್ಮ ಬಾಗಿಲ ಮುಂದೆ. ತುಳಸಿಯ ವಾಸನೆ ಬಂದ ಕೂಡಲೇ ನಿಂತರು.

"ಇಲ್ಲಿಂದ ಮುಂದೆ ನಾನು ಬರಲ್ಲಮ್ಮಾ. ಇದು ನಿಮ್ ಗಣಪತಿ ಪಾಲು. ಇಲ್ದಿದ್ರೆ ಮಂಗಳವಾರ ನೀವೆಲ್ಲಿ ಕಿತ್ಕೋತೀರಿ?"

ನಾನು ಅವರ ಹುಲ್ಲಿನಿಂದ ಗರಿಕೆ ಕೀಳುತ್ತಿದ್ದುದು ಅವರಿಗೆ ಗೊತ್ತಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ನಾವು ಆ ಮನೆಯಲ್ಲಿ ಇದ್ದಷ್ಟು ವರ್ಷವೂ ತುಳಸಿಕಟ್ಟೆಯ ಸುತ್ತಲಿನ ಆ ಒಂದು ತುಂಡು ಮಾತ್ರ ಕತ್ತರಿ ಕಾಣದೆ ಬೆಳೆದಿತ್ತು. ಕುರ್ಚಿ ಮತ್ತೆ ಗೋಡೆಯ ಕಡೆ ತಿರುಗಲಿಲ್ಲ. ಕಣ್ಣು ವಾಪಸ್ ಬರಲಿಲ್ಲ. ಆದರೆ ಊಟ ಬಂತು, ನಗು ಬಂತು, ಭಾನುವಾರ ಬಂತು. ನಾನು ದೇವರ ಮುಂದೆ ನಿಂತಾಗ ಇಂಥವನ್ನೇ ನೆನೆಯುವವಳು. ದೊಡ್ಡದನ್ನು ಕೇಳಲು ನನಗೆ ಸಂಕೋಚ.

ನಮ್ಮದೇ ಸ್ವಂತ ಮನೆ ಆಗಿ ನಾವು ಈ ಕಡೆ ಬಂದೆವು. ಸಾಹೇಬ್ರು ತೀರಿಕೊಂಡರು. ಆಪಾ ಈಗ ಪುಲಿಕೇಶಿನಗರದಲ್ಲಿ ಮಗಳ ಮನೆಯಲ್ಲಿದ್ದಾರೆ. ಮೊಣಕಾಲು ನೋವು, ದನಿ ಮಾತ್ರ ಹಾಗೇ ಇದೆ. ಲಿಫ್ಟಿನ ಚೀಟಿ ನೋಡಿದ ದಿನ ಅವರಿಗೆ ಫೋನ್ ಮಾಡಿದೆ. ದಿಬ್ಬಕ್ಕೆ ಯಾವ ಮಿಷಿನ್ ತಗೋಬೇಕು ಆಪಾ ಅಂತ ಕೇಳಿದೆ.

"ಮಿಷಿನ್ ಕೈಕು ನೋಡ್ತೀಯಮ್ಮಾ? ತಳ್ಳೋನ್ನ ನೋಡು. ಕೈ ಬಿಟ್ರೆ ಏನಾಗ್ತದೆ ಕೇಳು." ಆಮೇಲೆ, "ಈ ಸಲ ಪೈಪ್ ಹತ್ರ ಹೋಗಿ ನಿಂತ್ಕೋಬೇಡ" ಅಂದರು.

ಭಾನುವಾರ ದಿಬ್ಬದ ಹತ್ತಿರ ಹತ್ತಿಪ್ಪತ್ತು ಜನ ಸೇರಿದ್ದರು. ಅಂಗಡಿಗಳ ಇಬ್ಬರು ಹುಡುಗರು ಒಂದು ದೊಡ್ಡ, ಒಂದು ಚಿಕ್ಕ ಪೆಟ್ರೋಲ್ ಮಿಷಿನ್ ನಿಲ್ಲಿಸಿಕೊಂಡು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು, ಸೆಕ್ರೆಟರಿಯವರು ತಲೆಯಾಡಿಸುತ್ತಿದ್ದರು. ಆ ಮಿಷಿನ್ನನ್ನು ದಿನಾ ತಳ್ಳಬೇಕಾದ ಮುನಿಯಪ್ಪ ದೂರದಲ್ಲಿ ದಾಸವಾಳದ ಬೇಲಿಯ ಪಕ್ಕ ಕೈಕಟ್ಟಿ ನಿಂತಿದ್ದ. ಅಪಾರ್ಟ್‌ಮೆಂಟಿನ ಸಭೆಗಳಲ್ಲಿ ನಾನು ಯಾವತ್ತೂ ಬಾಯಿ ಬಿಟ್ಟವಳಲ್ಲ. "ಒಂದ್ ನಿಮಿಷ" ಅಂದೆ. ಎಲ್ಲ ತಿರುಗಿದರು. ನಮ್ಮ ಮನೆಯವರು ಆಕಾಶ ನೋಡಿದರು. ಪೈಪಿನ ಅಂಗಡಿ ಸಿಕ್ಕಿದ್ದರೆ ಅವರೂ ಹೋಗುತ್ತಿದ್ದರು.

"ಇದನ್ನ ಇಳಿಜಾರಲ್ಲಿ ತಳ್ಳುವಾಗ ಕೈ ಬಿಟ್ರೆ ಏನಾಗುತ್ತಪ್ಪ?"

"ಕೈ ಯಾಕ್ ಬಿಡ್ಬೇಕು ಆಂಟಿ?" ಅಂತ ಒಬ್ಬ ಹುಡುಗ ನಕ್ಕ.

"ಕಾಲು ಜಾರಿದ್ರೆ ಬಿಡ್ತಾನಲ್ಲಪ್ಪ. ಮುನಿಯಪ್ಪಾ, ಬಾ ಇಲ್ಲಿ. ನೀನೇ ತಳ್ಳು. ನಡುವೆ ಕೈ ಬಿಡು."

ಮುನಿಯಪ್ಪ ಮೊದಲು ದೊಡ್ಡದನ್ನು ತಳ್ಳಿದ. ಕೈ ಬಿಟ್ಟ. ಅದು ಗುರ್ ಅನ್ನುತ್ತಲೇ ಇಳಿದು ಹೋಗಿ ದಾಸವಾಳದ ಬೇಲಿಗೆ ನುಗ್ಗಿತು. ಅಲ್ಲಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ. ಚಿಕ್ಕದು ಕೈ ಬಿಟ್ಟ ಕೂಡಲೇ ಉಸಿರು ನಿಲ್ಲಿಸಿತು, ಅಡ್ಡಕ್ಕೆ ನಿಂತಲ್ಲೇ ನಿಂತಿತು. ಮುನಿಯಪ್ಪ ಇನ್ನೊಂದು ಸಲ ಬಿಟ್ಟು ನೋಡಿದ. ಮತ್ತೊಂದು ಸಲ. ಅವನ ಹಿಮ್ಮಡಿ ಮೊದಲ ಸಲ ನೆಲದ ಮೇಲೆ ಸುಮ್ಮನೆ ಕೂತಿತ್ತು. "ಇದೇ ಆಗ್ಲಿ ಸಾರ್" ಅಂದ, ಯಾರೂ ಅವನನ್ನು ಕೇಳುವ ಮೊದಲೇ. ಸೆಕ್ರೆಟರಿಯವರು, "ಅಗಲ ಕಮ್ಮಿ ಅಲ್ವಾ, ಟೈಮ್ ಜಾಸ್ತಿ ಆಗುತ್ತೆ" ಅಂದರು. "ಆಗ್ಲಿ ಬಿಡಿ ಸಾರ್, ಅವನ ಕಾಲು ಉಳಿಯುತ್ತೆ" ಅಂದೆ. ಚಿಕ್ಕದೇ ಗೊತ್ತಾಯಿತು.

ಮುಂದಿನ ವಾರ ಮಿಷಿನ್ ಬಂದ ದಿನ ದಿಬ್ಬದ ಒಂದು ಮೂಲೆಯಲ್ಲಿ ಗರಿಕೆಗೆ ಜಾಗ ಬಿಡು ಅಂತ ಹೇಳಲು ಕೆಳಗೆ ಇಳಿದೆ. ಮುನಿಯಪ್ಪ ಆಗಲೇ ಗಾಲಿಗೆ ಕುಂಕುಮ ಹಚ್ಚಿ, ಜೇಬಿನಿಂದ ಎರಡು ನಿಂಬೆಹಣ್ಣು ತೆಗೆದು, ಗಾಲಿಯ ಮುಂದೆ ಇಡಲು ಬಗ್ಗಿದ್ದ. ಇಳಿಜಾರಿನಲ್ಲಿ! ಬೇಡ ಅಂತ ಕೂಗಲು ಬಾಯಿ ತೆರೆದೆ. ಸಾಹೇಬ್ರ ಹೊಟ್ಟೆ ಅಲುಗಿದ್ದು ನೆನಪಾಯಿತು. ಬಾಯಿ ಮುಚ್ಚಿಕೊಂಡೆ.

"ಇಡಪ್ಪ, ಇಡು" ಅಂದೆ. "ಹಣ್ಣು ಒಳಗೆ ಸಿಕ್ಕಿಕೊಂಡ್ರೆ ಮಾತ್ರ ಹೆದರ್ಬೇಡ. ಮಿಷಿನ್ ಆಫ್ ಮಾಡಿ, ನನ್ನ ಕರಿ."